ಸ್ವೀಡನ್ನಿನ ಪತ್ತೇದಾರಿ ಕಾದಂಬರಿಗಳು ಕಿರುತೆರೆಗೆ ಬಂದ ಬಗೆ

ಸ್ವೀಡನ್ ಎಂದೊಡನೆ ನಮಗೆ ನೊಬೆಲ್ ಪ್ರಶಸ್ತಿ ನೆನಪಾಗುತ್ತದೆ. ಹುಟ್ಟಿನಿಂದ ಮುಪ್ಪಿನವರೆಗೆ ಪ್ರಜೆಗಳ ಯೋಗಕ್ಷೇಮ ನೋಡಿಕೊಳ್ಳುವ ಸರಕಾರದ ಖ್ಯಾತಿ ನೆನಪಾಗುತ್ತದೆ. ಆದರೆ ಸುಮಾರು ಒಂದು ಕೋಟಿ ಜನರಿರುವ ಆ ನಾಡಿನಿಂದ ಕಳೆದ ಕೆಲವು ದಶಕಗಳಲ್ಲಿ ಲೋಕದ ಮನೆಮನೆಗೆ ತಲುಪಿರುವುದು ಕೊಲೆ, ತನಿಖೆ ಹಾಗೂ ಪೊಲೀಸ್ ಠಾಣೆಗಳ ಕಥೆ. ಈ ಧಾರಾವಾಹಿಗಳಲ್ಲಿ ಹಲವು ಪತ್ತೇದಾರಿ ಕಾದಂಬರಿಗಳಿಂದ ಹುಟ್ಟಿದವು. ಆ ಕಾದಂಬರಿಗಳು ತಮ್ಮ ಸಮಾಜಕ್ಕೆ ಕೇಳಿದ ಪ್ರಶ್ನೆ ಯಾವುದು, ಕಿರುತೆರೆಗೆ ಬರುವಾಗ ಆ ಪ್ರಶ್ನೆ ಉಳಿಯಿತೇ ಎಂಬುದನ್ನು ತಿಳಿದು ನೋಡಿದರೆ ಅವುಗಳ ಸ್ವಾರಸ್ಯ ಹೆಚ್ಚುತ್ತದೆ.

ಹತ್ತು ಕಾದಂಬರಿಗಳ ಅಡಿಪಾಯ

ಈ ಪರಂಪರೆಗೆ ಅಡಿಪಾಯ ಹಾಕಿದವರು ಮಾಯ್ ಶೋವಾಲ್ ಮತ್ತು ಪೇರ್ ವಾಲೋ ಎಂಬ, ಜೊತೆಯಾಗಿ ಬಾಳಿದ ಇಬ್ಬರು ಪತ್ರಕರ್ತರು. ಮಕ್ಕಳು ಮಲಗಿದ ಮೇಲೆ ರಾತ್ರಿ ಕುಳಿತು, ಒಬ್ಬರು ಒಂದು ಅಧ್ಯಾಯ, ಮತ್ತೊಬ್ಬರು ಮುಂದಿನ ಅಧ್ಯಾಯ ಎಂಬಂತೆ ಬರೆಯುತ್ತಾ, 1965ರಿಂದ 1975ರೊಳಗೆ ಅವರು ಹತ್ತು ಕಾದಂಬರಿಗಳನ್ನು ರಚಿಸಿದರು. ಒಂದೊಂದರಲ್ಲೂ ಮೂವತ್ತು ಅಧ್ಯಾಯಗಳು. ಇಡೀ ಮಾಲೆಗೆ ಅವರು ಕೊಟ್ಟ ಹೆಸರು ‘ಒಂದು ಅಪರಾಧದ ಕಥೆ’.

ಹತ್ತು ಪುಸ್ತಕಗಳಲ್ಲಿ ಅನೇಕ ಕೊಲೆಗಳಿರುವಾಗ ‘ಒಂದು ಅಪರಾಧ’ ಎಂದೇಕೆ? 1928ರಲ್ಲಿ ಪೇರ್ ಆಲ್ಬಿನ್ ಹಾನ್ಸನ್ ಎಂಬ ನಾಯಕರು ತಮ್ಮ ದೇಶ ಎಲ್ಲರಿಗೂ ಸಮಾನ ಸ್ಥಾನವಿರುವ ‘ಜನರ ಮನೆ’ ಆಗಬೇಕೆಂದು ಸಾರಿದ್ದರು. ಮುಂದೆ ಅವರು ಪ್ರಧಾನಿಯಾದರು, ಕಲ್ಯಾಣರಾಜ್ಯ ಕ್ರಮೇಣ ರೂಪುಗೊಂಡಿತು. ಆ ಮನೆ ತನ್ನ ದುರ್ಬಲರನ್ನೇ ಕೈಬಿಟ್ಟಿದೆ ಎಂಬುದು ಎಡಪಂಥೀಯರಾಗಿದ್ದ ಈ ಲೇಖಕರ ಆರೋಪ. ಅವರ ದೃಷ್ಟಿಯಲ್ಲಿ ಆ ಒಂದು ಅಪರಾಧ ಅದೇ. ಕೊಲೆಗಳು ಅದರ ಕುರುಹುಗಳು.

ಆದ್ದರಿಂದಲೇ ಅವರ ನಾಯಕ ಮಾರ್ಟಿನ್ ಬೆಕ್ ಅಸಾಧಾರಣ ಬುದ್ಧಿಯ ಪತ್ತೇದಾರನಲ್ಲ. ಅವನು ಸಂಬಳಕ್ಕೆ ದುಡಿಯುವ ಪೊಲೀಸ್ ಅಧಿಕಾರಿ; ದಾಂಪತ್ಯದಲ್ಲಿ ಸುಖವಿಲ್ಲ, ಹೊಟ್ಟೆಯಲ್ಲಿ ಸದಾ ಸಂಕಟ. ಮೊದಲ ಕಾದಂಬರಿ ‘ರೋಸೆನ್ನಾ’ದಲ್ಲಿ ಕಾಲುವೆಯ ಹೂಳೆತ್ತುವಾಗ ಯುವತಿಯೊಬ್ಬಳ ಶವ ಸಿಗುತ್ತದೆ. ಅವಳ ಹೆಸರು ತಿಳಿಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಕಾಯುವುದು, ಪತ್ರ ಬರೆಯುವುದು, ಮತ್ತೆ ಕಾಯುವುದು. ತನಿಖೆಯೆಂದರೆ ಹೀಗೆ ತಾಳ್ಮೆಯ ಸಾಮೂಹಿಕ ದುಡಿಮೆ ಎಂದು ಈ ಜೋಡಿ ತೋರಿಸಿಕೊಟ್ಟಿತು.

1976ರಲ್ಲಿ ನಿರ್ದೇಶಕ ಬೂ ವೀಡರ್‌ಬೆರಿ ಈ ಮಾಲೆಯ ಒಂದು ಕೃತಿಯನ್ನು ‘ಛಾವಣಿಯ ಮೇಲಿನ ಮನುಷ್ಯ’ ಎಂಬ ಚಲನಚಿತ್ರವಾಗಿಸಿದರು. ಹಾಸ್ಯನಟರೆಂದು ಹೆಸರಾಗಿದ್ದ ಕಾರ್ಲ್ ಗುಸ್ತಾಫ್ ಲಿಂಡ್‌ಸ್ಟೆಟ್ ಅದರಲ್ಲಿ ಬೆಕ್ ಆದರು. 1993-94ರಲ್ಲಿ ಯೋಸ್ತಾ ಎಕ್‌ಮನ್ ನಟಿಸಿದ ಆರು ಚಿತ್ರಗಳು ಬಂದವು. 1997ರಲ್ಲಿ ಪೀಟರ್ ಹಾಬರ್ ಬೆಕ್ ಪಾತ್ರವನ್ನು ವಹಿಸಿಕೊಂಡರು. ಅಲ್ಲಿಂದ ಮುಂದೆ ನಲವತ್ತಕ್ಕೂ ಹೆಚ್ಚು ಚಿತ್ರಗಳು ತಯಾರಾದವು. ಈ ಕೊನೆಯ ಮಾಲೆ ಕಾದಂಬರಿಯಿಂದ ಪಾತ್ರಗಳನ್ನಷ್ಟೇ ಪಡೆದು ಕಥೆಗಳನ್ನು ಹೊಸದಾಗಿ ಹೆಣೆಯಿತು.

ವಾಲಾಂಡರ್‌ನ ಊರು

ಎರಡನೆಯ ದೊಡ್ಡ ಹೆಸರು ಹೆನ್ನಿಂಗ್ ಮಾಂಕೆಲ್ (1948-2015). ಆಫ್ರಿಕಾದ ಮೊಜಾಂಬಿಕ್‌ನಲ್ಲಿ ರಂಗಭೂಮಿಯ ಕೆಲಸದಲ್ಲಿ ತೊಡಗಿ ವರ್ಷಗಳನ್ನು ಕಳೆದ ಅವರು ತಾಯ್ನಾಡಿಗೆ ಮರಳಿದಾಗ, ಅಲ್ಲಿ ವಲಸಿಗರ ಮೇಲಿನ ದ್ವೇಷ ಬೆಳೆಯುತ್ತಿರುವುದನ್ನು ಕಂಡರು. ಆ ದ್ವೇಷದ ಬಗ್ಗೆ ಬರೆಯಲು ಪತ್ತೇದಾರಿ ಕಥೆಯನ್ನು ಆರಿಸಿಕೊಂಡು, ನಾಯಕನ ಹೆಸರನ್ನು ದೂರವಾಣಿ ಪುಸ್ತಕದಿಂದ ತೆಗೆದರು. ಹೀಗೆ 1991ರಲ್ಲಿ ‘ಮುಖವಿಲ್ಲದ ಕೊಲೆಗಾರರು’ ಕಾದಂಬರಿಯೊಂದಿಗೆ ಕುರ್ಟ್ ವಾಲಾಂಡರ್ ಹುಟ್ಟಿದ. ಅವನ ಊರು ದೇಶದ ದಕ್ಷಿಣ ತುದಿಯ ಈಸ್ಟಾಡ್ ಎಂಬ ಸಣ್ಣ ಪಟ್ಟಣ. ಮಡದಿ ತೊರೆದುಹೋಗಿದ್ದಾಳೆ, ಮಗಳು ದೂರವಾಗಿದ್ದಾಳೆ, ಚಿತ್ರಕಾರನಾದ ತಂದೆ ಜೀವಮಾನವಿಡೀ ಒಂದೇ ಭೂದೃಶ್ಯವನ್ನು, ಒಮ್ಮೆ ಕಾಡುಕೋಳಿಯೊಡನೆ, ಇನ್ನೊಮ್ಮೆ ಅದಿಲ್ಲದೆ ಬಿಡಿಸುತ್ತಿದ್ದಾನೆ.

ಆ ಮೊದಲ ಕಾದಂಬರಿಯಲ್ಲಿ ವೃದ್ಧ ರೈತ ದಂಪತಿಗಳ ಮೇಲೆ ಭೀಕರ ಹಲ್ಲೆಯಾಗುತ್ತದೆ. ಸಾಯುವ ಮುನ್ನ ವೃದ್ಧೆ ‘ವಿದೇಶಿ’ ಎಂಬ ಪದವನ್ನು ಉಚ್ಚರಿಸುತ್ತಾಳೆ. ಆ ಮಾತು ಪತ್ರಿಕೆಗಳಿಗೆ ಸೋರಿದೊಡನೆ ನಿರಾಶ್ರಿತರ ಶಿಬಿರಕ್ಕೆ ಬೆಂಕಿ ಬೀಳುತ್ತದೆ, ಸೋಮಾಲಿಯಾದ ನಿರಪರಾಧಿಯೊಬ್ಬ ಹತನಾಗುತ್ತಾನೆ. ವಾಲಾಂಡರ್ ಈಗ ಎರಡು ಕೊಲೆಪ್ರಕರಣಗಳನ್ನು ಒಟ್ಟಿಗೆ ಬಗೆಹರಿಸಬೇಕು: ಒಂದು ಮನುಷ್ಯನ ದುರಾಸೆಯದು, ಮತ್ತೊಂದು ಸಮೂಹದ ದ್ವೇಷದ್ದು. ಭಾಷೆ ಬೇರೆಯಾದ ಊರಿನಲ್ಲಿ ತಲೆಮಾರುಗಳಿಂದ ನೆಲೆಸಿರುವ ನಮ್ಮಂತಹ ಕುಟುಂಬಗಳಿಗೆ ‘ಹೊರಗಿನವರು’ ಎಂಬ ಮಾತಿನ ತೂಕವನ್ನು ವಿವರಿಸಬೇಕಾಗಿಲ್ಲ.

ಪುಸ್ತಕ ಮುಗಿದ ಮೇಲೆ

ವಾಲಾಂಡರ್ ಮೂರು ಬಗೆಗಳಲ್ಲಿ ತೆರೆಗೆ ಬಂದ. ರೋಲ್ಫ್ ಲಾಸ್‌ಗೋರ್ಡ್ ನಟಿಸಿದ ಒಂಬತ್ತು ರೂಪಾಂತರಗಳು ಮೂಲ ಕೃತಿಗಳನ್ನು ಅನುಸರಿಸಿದವು. 2005ರಿಂದ 2013ರವರೆಗೆ ಕ್ರಿಸ್ಟರ್ ಹೆನ್ರಿಕ್‌ಸನ್ ನಟಿಸಿದ 32 ಚಿತ್ರಗಳಲ್ಲಿ ಹೆಚ್ಚಿನವು ಕಿರುತೆರೆಗೆಂದೇ ಬರೆದ ಹೊಸ ಕಥೆಗಳು. 2008ರಿಂದ 2016ರವರೆಗೆ ಬಿಬಿಸಿಗಾಗಿ ಕೆನೆತ್ ಬ್ರಾನಾ ಇಂಗ್ಲಿಷ್ ವಾಲಾಂಡರ್ ಆದರು. ಅದರ ಚಿತ್ರೀಕರಣ ಈಸ್ಟಾಡ್‌ನಲ್ಲೇ ನಡೆಯಿತು.

ಈ ಮೂರರ ನಡುವಿನ ವ್ಯತ್ಯಾಸ ಗಮನಾರ್ಹ. ಕಾದಂಬರಿಯನ್ನು ಅನುಸರಿಸಿದಾಗ ತನಿಖೆಯ ನಿಧಾನಗತಿ, ಅನುಮಾನ, ಆಯಾಸಗಳಿಗೆ ಅವಕಾಶವಿರುತ್ತದೆ. ತೊಂಬತ್ತು ನಿಮಿಷಗಳ ಹೊಸ ಕಥೆಯಲ್ಲಿ ಶವವು ಬೇಗ ಸಿಗಬೇಕು, ಅಪರಾಧಿಯೂ ಬೇಗ ಸಿಗಬೇಕು. ಸಮಾಜವನ್ನು ಕುರಿತ ಪ್ರಶ್ನೆ ಒಂದೆರಡು ಸಂಭಾಷಣೆಗಳಿಗೆ ಇಳಿಯುವ ಅಪಾಯವಿರುತ್ತದೆ. ಇಂಗ್ಲಿಷ್ ರೂಪದಲ್ಲಿ ಸಾಸಿವೆ ಹೊಲಗಳಂತೆ ಕಾಣುವ ಹಳದಿ ಬಯಲುಗಳೂ ನಾಯಕನ ಏಕಾಂತವೂ ಮನಸ್ಸಿನಲ್ಲಿ ನಿಲ್ಲುತ್ತವೆ, ಸ್ವೀಡನ್ನಿನ ರಾಜಕೀಯ ಹಿನ್ನೆಲೆಗೆ ಸರಿಯುತ್ತದೆ.

ಆದರೂ ಹೊಸ ಕಥೆಗಳೆಲ್ಲ ಹಗುರವೆಂದು ತಳ್ಳಿಹಾಕುವುದು ಸಲ್ಲ. ಹೆನ್ರಿಕ್‌ಸನ್ ಮಾಲೆಯ ಮೊದಲ ಭಾಗದಲ್ಲಿ ಮಗಳು ಲಿಂಡಾ ಕೂಡ ಪೊಲೀಸ್ ಆಗಿ ತಂದೆಯ ಜೊತೆ ಕೆಲಸಕ್ಕೆ ಸೇರುತ್ತಾಳೆ. ಆ ಪಾತ್ರ ವಹಿಸಿದ ಯೊಹಾನ್ನಾ ಸೆಲ್‌ಸ್ಟ್ರೋಮ್ 2007ರಲ್ಲಿ, ಕೇವಲ 32ರ ವಯಸ್ಸಿನಲ್ಲಿ ತೀರಿಕೊಂಡರು. ಆ ಆಘಾತದಿಂದ ಮಾಂಕೆಲ್ ಲಿಂಡಾಳನ್ನು ನಾಯಕಿಯಾಗಿಸಿ ಬರೆಯಬೇಕೆಂದಿದ್ದ ಮುಂದಿನ ಪುಸ್ತಕಗಳನ್ನು ಕೈಬಿಟ್ಟರು. ಪುಸ್ತಕದಿಂದ ತೆರೆಗೆ ಹೋದ ಪಾತ್ರ, ತೆರೆಯ ಮೇಲಿನ ಜೀವವೊಂದು ಆರಿದಾಗ ಪುಸ್ತಕದಲ್ಲೂ ನಿಂತುಹೋಯಿತು.

2009ರಲ್ಲಿ ಬಂದ ಕೊನೆಯ ಕಾದಂಬರಿಯಲ್ಲಿ ವಾಲಾಂಡರ್‌ಗೆ ಮರೆವಿನ ರೋಗ ಆವರಿಸುತ್ತದೆ. 2013ರ ಅಂತಿಮ ಸರಣಿ ಇದನ್ನೇ ಆಧರಿಸಿತು. ಅನ್ಯರ ಸುಳ್ಳುಗಳನ್ನು ನೆನಪಿಟ್ಟು ಬಾಳಿದವನಿಗೆ ತನ್ನದೇ ದಿನಗಳು ಜಾರಿಹೋಗುವುದನ್ನು ಹೆನ್ರಿಕ್‌ಸನ್ ಅತ್ಯಂತ ಸಂಯಮದಿಂದ ಅಭಿನಯಿಸಿದ್ದಾರೆ.

ಇತರ ಕೃತಿಗಳು

2004ರಲ್ಲಿ ನಿಧನರಾದ ಸ್ಟೀಗ್ ಲಾರ್ಸನ್ ಅವರ ‘ಮಿಲೆನಿಯಮ್’ ಕಾದಂಬರಿಗಳು ಅವರ ಮರಣಾನಂತರ ಪ್ರಕಟವಾದವು. ಅವುಗಳ ಮೂರು ಚಿತ್ರಗಳು 2009ರಲ್ಲಿ ತೆರೆಕಂಡು, ಮರುವರ್ಷ ಆರು ಭಾಗಗಳ ವಿಸ್ತೃತ ರೂಪದಲ್ಲಿ ಕಿರುತೆರೆಗೂ ಬಂದವು. ಸ್ತ್ರೀಯರ ಮೇಲಿನ ಹಿಂಸೆ ಅವುಗಳ ಕೇಂದ್ರ. ಹೆಲೆನೆ ತುರ್ಸ್ಟೆನ್ ಸೃಷ್ಟಿಸಿದ ಐರೀನ್ ಹುಸ್ ಸಂಸಾರವನ್ನೂ ಠಾಣೆಯನ್ನೂ ಒಟ್ಟಿಗೆ ತೂಗಿಸುವ ಗೋಥೆನ್‌ಬರ್ಗ್‌ನ ಅಧಿಕಾರಿಣಿ. ಓಸಾ ಲಾರ್ಸನ್ ಅವರ ರೆಬೆಕಾ ಮಾರ್ಟಿನ್ಸನ್ ಉತ್ತರದ ಗಣಿಪಟ್ಟಣ ಕಿರುನಾಗೆ ಮರಳುವ ವಕೀಲೆ.

ಆಸಕ್ತ ವಾಚಕರು ಸಾಧ್ಯವಾದರೆ ಒಂದು ಕಾದಂಬರಿಯನ್ನು ಮೊದಲು ಓದಿ, ಬಳಿಕ ಅದರ ದೃಶ್ಯರೂಪವನ್ನು ಉಪಶೀರ್ಷಿಕೆಗಳೊಂದಿಗೆ ಮೂಲ ಭಾಷೆಯಲ್ಲಿಯೇ ನೋಡುವುದು ಒಳಿತು. ಅವುಗಳಲ್ಲಿ ಕ್ರೌರ್ಯದ ದೃಶ್ಯಗಳಿರುವುದರಿಂದ ಮಕ್ಕಳೊಂದಿಗೆ ನೋಡತಕ್ಕವಲ್ಲ. ಹಿರಿಯರಿಗಾದರೋ, ಕೊಲೆಗಾರ ಸಿಕ್ಕ ಮೇಲೂ ಅವು ಒಂದು ಕೆಲಸವನ್ನು ಉಳಿಸಿ ಹೋಗುತ್ತವೆ: ಸುಭಿಕ್ಷವಾದ, ವ್ಯವಸ್ಥಿತವಾದ ‘ಜನರ ಮನೆ’ಯಲ್ಲಿ ಯಾರಿಗೆ ಬಾಗಿಲು ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂದು ಯೋಚಿಸುವ ಕೆಲಸ.