ಓಟದ ಕಾರಿನ ದಿನಚರಿ

ಕಾರುಗಳ ಪಂದ್ಯವನ್ನು ನೋಡಿದವರಿಗೆ, ಗೆಲುವೆಂಬುದು ಎದೆಗಾರಿಕೆಯ ಫಲವೆಂದು ತೋರುವುದು ಸಹಜ. ತಿರುವಿನ ಮುನ್ನ ಎಲ್ಲರಿಗಿಂತ ತಡವಾಗಿ ಬ್ರೇಕು ಒತ್ತುವವನೇ ಮೊದಲಿಗನಾಗುವನೆಂದು ನಾವು ಭಾವಿಸುತ್ತೇವೆ. ಹವ್ಯಾಸಕ್ಕಾಗಿ ಪಂದ್ಯದ ಪಥಕ್ಕಿಳಿಯುವ ಚಾಲಕರಲ್ಲಿಯೂ ಅನೇಕರ ನಂಬಿಕೆ ಇದೇ. ಆದರೆ ಕಾರಿನ ಓಟವನ್ನು ಅಂಕಿಗಳಲ್ಲಿ ಬರೆದಿಡುವ ಪುಟ್ಟ ಉಪಕರಣವೊಂದು ಬೇರೆಯೇ ಕಥೆಯನ್ನು ಹೇಳುತ್ತದೆ. ಚಾಲಕನು ಬಹುಮಟ್ಟಿಗೆ ಕಾಲವನ್ನು ಕಳೆದುಕೊಳ್ಳುವುದು ತನ್ನ ಅರಿವಿಗೇ ಬಾರದ ಎಡೆಗಳಲ್ಲಿ.

ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಪಥದ ಒಂದು ಸುತ್ತು ಸುಮಾರು 3.7 ಕಿಲೋಮೀಟರು. ಇಂತಹ ಪಥದಲ್ಲಿ ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಸ್ಟಾಪ್ ವಾಚು ಹೇಳೀತು. ಅಷ್ಟು ತಿರುವುಗಳಲ್ಲಿ ಯಾವುದರಲ್ಲಿ ತಡವಾಯಿತೆಂಬುದನ್ನು ಹೇಳಲಾರದು. ಚಾಲಕನ ಅನುಭವವೂ ನೆಚ್ಚತಕ್ಕದ್ದಲ್ಲ. ಟಯರು ಕಿರುಗುಟ್ಟಿ ಕಾರು ಜಾರಿದಾಗ ವೇಗ ಹೆಚ್ಚಿದಂತೆ ಭಾಸವಾಗುತ್ತದೆ. ಹಾಗೆ ಜಾರುವಾಗಲೇ ವೇಗ ಕುಗ್ಗುತ್ತಿರುವುದುಂಟು.

ಪೆಟ್ಟಿಗೆಯೊಳಗಿನ ಲೆಕ್ಕಿಗ

ಡೇಟಾ ಲಾಗರ್ ಎಂದು ಕರೆಯಲ್ಪಡುವ ಈ ಉಪಕರಣವು ಜಿ.ಪಿ.ಎಸ್. ಉಪಗ್ರಹಗಳ ಸಂಕೇತದಿಂದ ಕಾರಿನ ಸ್ಥಾನವನ್ನೂ ವೇಗವನ್ನೂ ಅಳೆಯುತ್ತದೆ. ಸಾರ್ವಜನಿಕರಿಗೆ ದೊರೆಯುವ ಈ ಸಂಕೇತದ ನಿಖರತೆಯನ್ನು ಅಮೆರಿಕವು ಹಿಂದೆ ಬೇಕೆಂದೇ ತಗ್ಗಿಸುತ್ತಿತ್ತು. 2000ದ ಮೇ ತಿಂಗಳಿನಲ್ಲಿ ಆ ಪದ್ಧತಿ ನಿಂತ ಮೇಲೆ ಸಾಮಾನ್ಯರ ಉಪಕರಣಗಳೂ ನಿಖರವಾದುವು. ಸೆಕೆಂಡಿಗೆ 10 ಬಾರಿ ಅಳೆಯುವ ಉಪಕರಣವು, ಗಂಟೆಗೆ 144 ಕಿಲೋಮೀಟರು, ಎಂದರೆ ಸೆಕೆಂಡಿಗೆ 40 ಮೀಟರು ವೇಗದ ಕಾರನ್ನು 4 ಮೀಟರಿಗೊಮ್ಮೆ ಗುರುತಿಸುತ್ತದೆ.

ಹೀಗೆ ದೊರೆತ ವೇಗವನ್ನು ಕಾಲಕ್ಕೆ ಪ್ರತಿಯಾಗಿ ಗುರುತಿಸದೆ, ಕ್ರಮಿಸಿದ ದೂರಕ್ಕೆ ಪ್ರತಿಯಾಗಿ ನಕ್ಷೆಯಲ್ಲಿ ಗುರುತಿಸುತ್ತಾರೆ. ಆಗ ಎರಡು ಸುತ್ತುಗಳ ರೇಖೆಗಳನ್ನು ಒಂದರ ಮೇಲೊಂದಿಟ್ಟು, ಪಥದ ಅದೇ ಎಡೆಯಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂದು ಹೋಲಿಸಬಹುದು. ನೇರ ಹಾದಿಗಳು ಬೆಟ್ಟಗಳಂತೆಯೂ ತಿರುವುಗಳು ಕಣಿವೆಗಳಂತೆಯೂ ಕಾಣುತ್ತವೆ.

ಮೂರು ತಪ್ಪುಗಳು

ಮೊದಲನೆಯದು, ಬೆಟ್ಟದ ನೆತ್ತಿಯಲ್ಲಿ ಕಾಣುವ ಚಪ್ಪಟೆ ಭಾಗ. ಚಾಲಕನು ವೇಗವರ್ಧಕದಿಂದ ಕಾಲು ತೆಗೆದು, ಬ್ರೇಕಿನ ಮೇಲಿಡುವ ಮುನ್ನ ಸುಮ್ಮನಿದ್ದಾನೆಂದು ಇದರರ್ಥ. ಅರ್ಧ ಸೆಕೆಂಡಿನ ಈ ವಿರಾಮದಲ್ಲಿ ಕಾರು 20 ಮೀಟರು ಸುಮ್ಮನೆ ಉರುಳಿರುತ್ತದೆ.

ಎರಡನೆಯದು, ಅಂಜಿಕೆಯ ಬ್ರೇಕು. ಸೆಕೆಂಡಿಗೆ 40 ಮೀಟರಿನ ವೇಗವನ್ನು 20ಕ್ಕೆ ಇಳಿಸಬೇಕಾಗಿದೆಯೆನ್ನಿ. ಪ್ರತಿ ಸೆಕೆಂಡಿಗೆ ವೇಗವು 8 ಮೀಟರಿನಷ್ಟು ಕುಗ್ಗುವಂತೆ ಬ್ರೇಕು ಒತ್ತಿದರೆ 75 ಮೀಟರು ಸಾಕು. 6 ಮೀಟರಿನಷ್ಟು ಮಾತ್ರ ಕುಗ್ಗಿಸಿದರೆ 100 ಮೀಟರು ಬೇಕು.

ಮೂರನೆಯದು, ಕಣಿವೆಯ ಆಳ. ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದರೆ ಕೇಂದ್ರಾಭಿಮುಖ ವೇಗೋತ್ಕರ್ಷ ದೊರೆಯುವುದೆಂದು ವಿದ್ಯಾರ್ಥಿಗಳು ಬಲ್ಲರು. 50 ಮೀಟರು ತ್ರಿಜ್ಯದ ತಿರುವನ್ನು ಸೆಕೆಂಡಿಗೆ 20 ಮೀಟರಿನ ವೇಗದಲ್ಲಿ ದಾಟಿದರೆ ಅದು 8 ಆಗುತ್ತದೆ. ಅದೇ ಟಯರುಗಳು ಮತ್ತೊಂದು ತಿರುವಿನಲ್ಲಿ 9.7ರಷ್ಟನ್ನು ತಾಳಿದ್ದುವೆಂದು ದಾಖಲೆಯಲ್ಲಿದ್ದರೆ, ಇಲ್ಲಿಯೂ 22 ಮೀಟರಿನ ವೇಗ ಸಾಧ್ಯವೆಂದು ಊಹಿಸಬಹುದು. ಎರಡು ಮೀಟರಿನ ವ್ಯತ್ಯಾಸವು ಅಲ್ಪವೆನಿಸೀತು. ಆದರೆ ಈ ತಿರುವಿನ ಮುಂದೆ 400 ಮೀಟರಿನ ನೇರ ಹಾದಿಯಿದ್ದು, ಅಲ್ಲಿ ವೇಗವು ಸೆಕೆಂಡಿಗೆ 3 ಮೀಟರಿನಂತೆ ಏರುವುದೆಂದು ಲೆಕ್ಕವಿಟ್ಟರೆ, ಹಾದಿಯ ಕೊನೆಗೆ 0.4 ಸೆಕೆಂಡು ಉಳಿಯುತ್ತದೆ. ಹತ್ತು ಸುತ್ತುಗಳಿಗೆ ಇದು 4 ಸೆಕೆಂಡು!

ಮಿತಿಯ ಅರಿವು

ಇಟಲಿಯ ಎಂಜಿನಿಯರರೂ ಚಾಲಕರೂ ಆಗಿದ್ದ ಪಿಯೆರೊ ತರುಫಿಯವರು 1957ರ ಮಿಲ್ಲೆ ಮಿಲ್ಯ ಪಂದ್ಯವನ್ನು ಗೆದ್ದವರು. ತಿರುವುಗಳ ಗಣಿತವನ್ನು ವಿವರಿಸುವ ಗ್ರಂಥವನ್ನೂ ಬರೆದವರು. ಅಂದಿನ ಚಾಲಕನಿಗೆ ಲೆಕ್ಕ ತಿಳಿದಿದ್ದರೂ ನಾಲ್ಕು ಮೀಟರಿಗೊಂದರಂತೆ ಅಳತೆ ದೊರೆಯುತ್ತಿರಲಿಲ್ಲ. ಇಂದಿನ ಹವ್ಯಾಸಿಗೆ ಎರಡೂ ಲಭ್ಯ.

ಆದರೂ ಎಚ್ಚರಿಕೆ ಅಗತ್ಯ. ಮೇಲಿನ ತಿರುವಿನಲ್ಲಿ ವೇಗವನ್ನು ಹತ್ತರಲ್ಲೊಂದು ಪಾಲು ಏರಿಸಿದರೆ ಟಯರುಗಳ ಹೊರೆ ಐದರಲ್ಲೊಂದು ಪಾಲಿಗಿಂತ ಹೆಚ್ಚಾಗುತ್ತದೆ. ಒಂದು ತಿರುವಿನಲ್ಲಿ ತೋರಿದ ಹಿಡಿತವು ಮತ್ತೊಂದರಲ್ಲಿ ಇಲ್ಲದಿರಬಹುದು. ಮಳೆ, ಬಿಸಿಲು, ರಸ್ತೆಯ ಮೈ ಎಲ್ಲವೂ ಅದನ್ನು ಬದಲಿಸುತ್ತವೆ. ಆದುದರಿಂದ ಜಾಣನು ಒಂದು ಬಾರಿಗೆ ಒಂದೇ ತಿರುವನ್ನು ಆರಿಸಿಕೊಂಡು, ಸ್ವಲ್ಪ ಸ್ವಲ್ಪವೇ ವೇಗ ಹೆಚ್ಚಿಸಿ, ಮರಳಿ ಬಂದು ನಕ್ಷೆಯನ್ನು ನೋಡುತ್ತಾನೆ. ಕುರುಡು ಸಾಹಸದಿಂದ ಮಿತಿಯನ್ನು ಹುಡುಕುವವನಿಗೆ ಅದು ತಿಳಿಯುವುದು ಕಾರು ಪಥ ಬಿಟ್ಟು ಹೊರಳಿದ ಮೇಲೆ. ಅಳೆಯುತ್ತ ಸಾಗುವವನಿಗೆ ಅದರ ಸುಳಿವು ಮೊದಲೇ ಸಿಕ್ಕಿರುತ್ತದೆ. ಊಹಿಸುವುದು, ಪರೀಕ್ಷಿಸುವುದು, ತಪ್ಪಿದ್ದರೆ ತಿದ್ದಿಕೊಳ್ಳುವುದು: ಪ್ರಯೋಗಶಾಲೆಯ ಈ ಕ್ರಮವೇ ಪಂದ್ಯದ ಪಥದಲ್ಲಿಯೂ ಅವನನ್ನು ಕಾಯುತ್ತದೆ.