ಮೂವತ್ತರಲ್ಲೂ ಮೊಡವೆಯೇ? ಔಷಧಿ ಹಚ್ಚುವ ಮುನ್ನ ತೂಗಿ ನೋಡಿ

ಮದುವೆ ಮನೆಗೆ ಹೊರಟಿದ್ದೀರಿ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕನ್ನಡಿ ಮುಂದೆ ಅರ್ಧ ಗಂಟೆ ಕಳೆದಿದ್ದೀರಿ. ಅಲ್ಲಿ ಎದುರಾದ ದೊಡ್ಡಮ್ಮ ಸೀರೆಯನ್ನೂ ನೋಡುವುದಿಲ್ಲ, ಒಡವೆಯನ್ನೂ ನೋಡುವುದಿಲ್ಲ. ಕಣ್ಣು ನೇರ ನಿಮ್ಮ ಗದ್ದದ ಮೇಲೆ! 'ಏನೇ ಇದು, ಮಕ್ಕಳು ಸ್ಕೂಲಿಗೆ ಹೋಗೋ ಹಾಗಾದ್ರೂ ನಿಂಗಿನ್ನೂ ಮೊಡವೆ ಹೋಗ್ಲಿಲ್ವಾ? ಉಷ್ಣ ಇರಬೇಕು, ಮಜ್ಜಿಗೆ ಕುಡಿ' ಅಂತಾರೆ. ಪಕ್ಕದಲ್ಲಿದ್ದ ಅತ್ತಿಗೆ 'ಜಾಯಿಕಾಯಿ ತೇಯ್ದು ಹಚ್ಚು' ಅಂತಾರೆ. ಮೂರನೆಯವರು ಪರ್ಸಿನಿಂದ ಒಂದು ಟ್ಯೂಬ್ ತೆಗೆದು 'ಇದನ್ನ ಹಚ್ಚಿ ನೋಡು, ನಾಲ್ಕೇ ದಿನ, ಮುಖ ಫಳಫಳ ಅನ್ನುತ್ತೆ' ಅಂತ ಕೈಗಿಡುತ್ತಾರೆ.

ಮಜ್ಜಿಗೆಯಿಂದ ನಷ್ಟವೇನಿಲ್ಲ. ಜಾಯಿಕಾಯಿಯಿಂದ ಕೆಲವರಿಗೆ ಉರಿ ಆಗಬಹುದು, ತೊಳೆದುಕೊಂಡರೆ ಮುಗಿಯಿತು. ಆದರೆ ಆ ಮೂರನೆಯ ಟ್ಯೂಬ್ ಇದೆಯಲ್ಲ, ಅದರ ಬಗ್ಗೆ ಎಚ್ಚರ ಬೇಕು. ಹೀಗೆ ಸಿಕ್ಕ ಒಂದು ಟ್ಯೂಬನ್ನು ಮೂರು ತಿಂಗಳು ಹಚ್ಚಿ ಅನುಭವಿಸಿದವಳು ನಾನು. ಆ ಕಥೆ ಮುಂದೆ ಹೇಳುತ್ತೇನೆ.

ಮೊಡವೆಗೆ ಒಳ್ಳೆಯ ಔಷಧಿಗಳು ಖಂಡಿತ ಇವೆ. ಆದರೆ ಪ್ರತಿಯೊಂದಕ್ಕೂ ಲಾಭದ ಜೊತೆಗೆ ಒಂದಿಷ್ಟು ತೊಂದರೆಯೂ ಇದೆ. ಯಾವುದು ನಿಮಗೆ ಸರಿ ಅನ್ನುವುದು ಮೊಡವೆ ಎಷ್ಟಿದೆ ಅನ್ನುವುದರಿಂದ ಮಾತ್ರ ತೀರ್ಮಾನವಾಗುವುದಿಲ್ಲ. ನೀವು ಮಗು ಬೇಕೆಂದು ಯೋಚಿಸುತ್ತಿದ್ದೀರಾ, ಮೊಲೆಹಾಲು ಕೊಡುತ್ತಿದ್ದೀರಾ, ಬಿಪಿ ಇದೆಯಾ ಅನ್ನುವುದೂ ಅಷ್ಟೇ ಮುಖ್ಯ.

ಈ ವಯಸ್ಸಿನಲ್ಲಿ ಯಾಕೆ?

ಮೊಡವೆ ಹದಿಹರೆಯಕ್ಕೇ ಮೀಸಲು ಅನ್ನುವುದು ತಪ್ಪು ತಿಳಿವಳಿಕೆ. ಇಪ್ಪತ್ತೈದು ದಾಟಿದ ಮೇಲೆ ಬರುವ ಮೊಡವೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಹದಿಹರೆಯದಲ್ಲಿ ಹಣೆ, ಮೂಗಿನ ಮೇಲೆ ಸಾಮಾನ್ಯವಾಗಿದ್ದದ್ದು ಈಗ ಗದ್ದ, ದವಡೆಯ ಅಂಚು, ಕತ್ತಿಗೆ ಇಳಿದಿರುತ್ತದೆ. ಮುಟ್ಟಿನ ವಾರಕ್ಕೆ ಮುಂಚೆ ಉಲ್ಬಣಿಸುತ್ತದೆ. ಒಳಗೇ ಗಂಟಾಗಿ ನೋಯುತ್ತದೆ, ಹೋಗುವಾಗ ಕಪ್ಪು ಕಲೆ ಉಳಿಸಿ ಹೋಗುತ್ತದೆ.

ಇದಕ್ಕೆ ಹಾರ್ಮೋನುಗಳ ಪ್ರಭಾವ ದೊಡ್ಡ ಕಾರಣ. ಹಾರ್ಮೋನಿನ ಪ್ರಚೋದನೆಯಿಂದ ಚರ್ಮದ ಜಿಡ್ಡಿನ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ, ರಂಧ್ರ ಕಟ್ಟಿಕೊಳ್ಳುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಸೇರಿ ಊತ ಬರುತ್ತದೆ. ಹಾಗಾಗಿ ಮುಖ ಕೊಳೆಯಾಗಿರುವುದರಿಂದ ಮೊಡವೆ ಬರುತ್ತದೆ ಅಂತ ದಿನಕ್ಕೆ ಐದು ಸಲ ಸೋಪು ಹಾಕಿ ಉಜ್ಜಿದರೆ ಚರ್ಮ ಒಣಗಿ ಇನ್ನಷ್ಟು ಕೆರಳುತ್ತದೆ ಅಷ್ಟೇ. ಮೊಡವೆಯ ಜೊತೆಗೆ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದರೆ, ಗದ್ದದ ಮೇಲೆ ಗಡುಸು ಕೂದಲು ಬರುತ್ತಿದ್ದರೆ, ತಲೆಗೂದಲು ತೆಳುವಾಗುತ್ತಿದ್ದರೆ ಪಿಸಿಓಎಸ್ ಇರಬಹುದು. ಆಗ ಮುಖಕ್ಕೆ ಹಚ್ಚುವುದರ ಜೊತೆಗೆ ಸ್ತ್ರೀರೋಗ ತಜ್ಞರನ್ನೂ ಕಾಣಬೇಕು.

ಇನ್ನೊಂದು ಮಾತು. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಅಥವಾ ಗರ್ಭನಿರೋಧಕ ಇಂಜೆಕ್ಷನ್ ಶುರು ಮಾಡಿದ ಮೇಲೆ ಮೊಡವೆ ಜಾಸ್ತಿಯಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಕೆಲವರಿಗೆ ಅದೇ ಕಾರಣವಾಗಿರುತ್ತದೆ.

ಹಚ್ಚುವ ಔಷಧಿ: ತಾಳ್ಮೆಯೇ ಬಂಡವಾಳ

ಸಾಧಾರಣ ಮೊಡವೆಗೆ ಮೊದಲು ಕೊಡುವುದು ಹಚ್ಚುವ ಔಷಧಿಯನ್ನೇ. ಬೆಂಜಾಯ್ಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಇದರಲ್ಲಿ ಹೆಚ್ಚು ಶಕ್ತಿಯದ್ದೇ ಒಳ್ಳೆಯದು ಅಂದುಕೊಳ್ಳಬೇಡಿ. ಶೇ 2.5ರ ಜೆಲ್ ಶೇ 10ರದ್ದರಷ್ಟೇ ಕೆಲಸ ಮಾಡುತ್ತದೆ, ಉರಿ ಮಾತ್ರ ಕಡಿಮೆ. ಇದರ ಕಾಟ ಏನೆಂದರೆ ಟವೆಲ್, ದಿಂಬಿನ ಕವರ್, ರವಿಕೆಯ ಬಣ್ಣವನ್ನೆಲ್ಲ ತಿಂದುಹಾಕುತ್ತದೆ! ಹಳೆಯ ಬಿಳಿ ಟವೆಲ್ ಒಂದನ್ನು ಎತ್ತಿಡಿ. ಟ್ಯೂಬನ್ನು ಬಿಸಿಲು ಬೀಳುವ ಕಿಟಕಿಯಲ್ಲೋ ಕಾರಿನಲ್ಲೋ ಇಡಬೇಡಿ. ಬಿಸಿಗೆ ಈ ಔಷಧಿ ಒಡೆದು ಬೆಂಜೀನ್ ಎಂಬ ಹಾನಿಕರ ವಸ್ತು ಹುಟ್ಟಬಹುದು. ಅಮೆರಿಕದ ಔಷಧ ಇಲಾಖೆ 2025ರಲ್ಲಿ 95 ಉತ್ಪನ್ನಗಳನ್ನು ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಅದು ಇರಲೇ ಇಲ್ಲ ಅಥವಾ ತೀರಾ ಅತ್ಯಲ್ಪವಿತ್ತು. ಕೆಲವನ್ನಷ್ಟೇ ಮಾರುಕಟ್ಟೆಯಿಂದ ವಾಪಸ್ ಪಡೆಯಲಾಯಿತು. ಗಾಬರಿ ಬೇಡ, ತಂಪಾದ ಜಾಗ ಇರಲಿ, ಅವಧಿ ಮುಗಿದದ್ದನ್ನು ಎಸೆಯಿರಿ.

ಅಡಾಪಲೀನ್, ಟ್ರೆಟಿನಾಯಿನ್ ಇವು ವಿಟಮಿನ್ ಎ ಬಳಗದವು. ಕಟ್ಟಿಕೊಂಡ ರಂಧ್ರಗಳನ್ನು ಬಿಡಿಸುತ್ತವೆ, ಕಲೆಯೂ ನಿಧಾನವಾಗಿ ತಿಳಿಯಾಗುತ್ತದೆ. ಇಡೀ ಮುಖಕ್ಕೆ ಒಂದು ಕಡಲೆಕಾಳಿನಷ್ಟು ಸಾಕು, ಅದೂ ರಾತ್ರಿ ಹೊತ್ತು, ಮುಖ ಪೂರಾ ಒಣಗಿದ ಮೇಲೆ. ಮೊದಲ ಎರಡು ಮೂರು ವಾರ ಚರ್ಮ ಒಣಗಿ ಸಿಪ್ಪೆ ಏಳುತ್ತದೆ. ಕೆಲವರಿಗೆ ಮೊಡವೆ ಹೆಚ್ಚಾದಂತೆಯೂ ಕಾಣುತ್ತದೆ. ಎಷ್ಟೋ ಜನ 'ಇದು ನಂಗೆ ಆಗಿಬರಲ್ಲ' ಅಂತ ಬಿಡುವುದು ಇಲ್ಲೇ. ದಿನ ಬಿಟ್ಟು ದಿನ ಹಚ್ಚಿ, ಮೇಲೆ ಮಾಯಿಶ್ಚರೈಸರ್ ಹಚ್ಚಿ. ಫಲ ಕಾಣಲು 8ರಿಂದ 12 ವಾರ ಬೇಕು. ಗರ್ಭಿಣಿಯರು ಇವನ್ನು ಹಚ್ಚಬಾರದು.

ಕ್ಲಿಂಡಾಮೈಸಿನ್ ಎಂಬ ಆಂಟಿಬಯೋಟಿಕ್ ಜೆಲ್ ನೋಡಿರುತ್ತೀರಿ. ಉರಿ ಇಲ್ಲ, ಹಿತವಾಗಿದೆ ಅಂತ ಅದೊಂದನ್ನೇ ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ಹಾಗೆ ಮಾಡಿದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋಗಿ ಔಷಧಿ ನಾಟದಂತಾಗುತ್ತದೆ. ಅದನ್ನು ಬೆಂಜಾಯ್ಲ್ ಪೆರಾಕ್ಸೈಡ್ ಜೊತೆಗೇ ಬಳಸಬೇಕು.

ನುಂಗುವ ಮಾತ್ರೆ: ಇಲ್ಲಿ ಲೆಕ್ಕಾಚಾರ ಬೇಕು

ಹಚ್ಚುವುದರಿಂದ ಬಗ್ಗದಿದ್ದರೆ ವೈದ್ಯರು ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್ ಬರೆಯಬಹುದು. ಊತ ಬೇಗ ಇಳಿಯುತ್ತದೆ. ಆದರೆ ಇದು ಮೂರು ನಾಲ್ಕು ತಿಂಗಳ ಸಹಾಯಕ ಮಾತ್ರ. ಅದೇ ಚೀಟಿ ಹಿಡಿದು ವರ್ಷಗಟ್ಟಲೆ ತರಿಸಿಕೊಳ್ಳಬೇಡಿ. ದೊಡ್ಡ ಲೋಟ ನೀರಿನ ಜೊತೆ ನುಂಗಿ, ನುಂಗಿದ ಕೂಡಲೇ ಮಲಗಬೇಡಿ, ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಬಿಸಿಲಿಗೆ ಚರ್ಮ ಬೇಗ ಕಂದುತ್ತದೆ. ಗರ್ಭಿಣಿಯರಿಗೆ ಇದು ಸಲ್ಲದು.

ಮುಟ್ಟಿನ ಮುಂಚೆ ಕಾಡುವ ಗದ್ದದ ಮೊಡವೆಗೆ ಹಾರ್ಮೋನ್ ಚಿಕಿತ್ಸೆ ಒಳ್ಳೆಯ ಫಲ ಕೊಡುತ್ತದೆ. ಒಂದು, ಎರಡು ಹಾರ್ಮೋನುಗಳಿರುವ ಗರ್ಭನಿರೋಧಕ ಮಾತ್ರೆ. ಮಕ್ಕಳ ನಡುವೆ ಅಂತರ ಬೇಕೆನ್ನುವವರಿಗೆ ಒಂದೇ ಮಾತ್ರೆಯಲ್ಲಿ ಎರಡು ಕೆಲಸ. ಅಪಾಯ ಏನು? ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಬಿಪಿ ಇರುವವರು, ಕಣ್ಣಿನ ಮುಂದೆ ಮಿಂಚಿದಂತಾಗಿ ಮೈಗ್ರೇನ್ ಬರುವವರು, ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, 35 ದಾಟಿ ಧೂಮಪಾನ ಮಾಡುವವರು ಇದನ್ನು ತೆಗೆದುಕೊಳ್ಳಬಾರದು. ನಾದಿನಿಗೆ ಹಿಡಿಸಿತು ಅಂತ ನೀವೂ ತೆಗೆದುಕೊಳ್ಳುವ ಮಾತ್ರೆ ಇದಲ್ಲ.

ಎರಡು, ಸ್ಪಿರೊನೊಲ್ಯಾಕ್ಟೋನ್. ಮೂಲತಃ ಬಿಪಿ, ಹೃದಯದ ತೊಂದರೆಗೆ ಕೊಡುವ ಈ ಮಾತ್ರೆಯನ್ನು ಹೆಂಗಸರ ಮೊಡವೆಗೂ ಬರೆಯುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 410 ಮಹಿಳೆಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಗುಣ ಕೊಟ್ಟಿತು. 12 ವಾರಕ್ಕಿಂತ 24 ವಾರದ ಹೊತ್ತಿಗೆ ಫಲ ಇನ್ನೂ ಸ್ಪಷ್ಟವಾಗಿತ್ತು. ಅಂದರೆ ಅವಸರ ಪಡುವವರಿಗಲ್ಲ! ಮುಟ್ಟು ಏರುಪೇರಾಗುವುದು, ತಲೆಸುತ್ತು, ಪದೇ ಪದೇ ಮೂತ್ರ ಇದರ ಅಡ್ಡ ಪರಿಣಾಮಗಳು. ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರುವ ಅಪಾಯ ಇದೆ. ಗರ್ಭದಲ್ಲಿರುವುದು ಗಂಡು ಮಗುವಾದರೆ ಅದರ ಬೆಳವಣಿಗೆಗೆ ಧಕ್ಕೆಯಾಗಬಹುದು, ಆದ್ದರಿಂದ ಗರ್ಭ ನಿಲ್ಲದಂತೆ ನೋಡಿಕೊಂಡೇ ಇದನ್ನು ತೆಗೆದುಕೊಳ್ಳಬೇಕು.

ಎಲ್ಲಕ್ಕಿಂತ ಬಲವಾದದ್ದು

ಗಂಟು ಗಂಟಾಗಿ ಬಂದು ಗುಳಿ ಬೀಳಿಸುವ ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ಇದೆ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧಿಯಷ್ಟು ಪರಿಣಾಮಕಾರಿಯಾದದ್ದು ಮೊಡವೆಗೆ ಇಂದಿಗೂ ಇಲ್ಲ. ಐದಾರು ತಿಂಗಳ ಒಂದು ಸುತ್ತಿನಲ್ಲೇ ಬಹಳಷ್ಟು ಜನರ ಮುಖ ತಿಳಿಯಾಗುತ್ತದೆ, ಕೆಲವರಿಗೆ ಮಾತ್ರ ಮರಳುತ್ತದೆ.

ಆದರೆ ಇದರ ಅಪಾಯವೂ ಅಷ್ಟೇ ದೊಡ್ಡದು. ಈ ಮಾತ್ರೆ ನುಂಗುತ್ತಿರುವಾಗ ಗರ್ಭ ನಿಂತರೆ ಮಗುವಿನ ಮೆದುಳು, ಹೃದಯ, ಕಿವಿ, ಮುಖದಲ್ಲಿ ತೀವ್ರ ಊನಗಳಾಗಬಹುದು. 'ಬರೀ ನಾಲ್ಕು ಮಾತ್ರೆ ತಾನೇ' ಅನ್ನುವಂತಿಲ್ಲ. ಶುರು ಮಾಡುವ ಒಂದು ತಿಂಗಳ ಮುಂಚಿನಿಂದ ಹಿಡಿದು, ನಿಲ್ಲಿಸಿದ ಒಂದು ತಿಂಗಳವರೆಗೂ ಗರ್ಭ ನಿಲ್ಲದಂತೆ ಭದ್ರವಾದ ವ್ಯವಸ್ಥೆ ಬೇಕೇ ಬೇಕು. ಮೊದಲು ಗರ್ಭ ಪರೀಕ್ಷೆ, ನಡುನಡುವೆ ಲಿವರ್ ಮತ್ತು ಕೊಬ್ಬಿನ ರಕ್ತ ಪರೀಕ್ಷೆ ಮಾಡಿಸುತ್ತಾರೆ. ತುಟಿ ಒಡೆಯುವುದು ಬಹುತೇಕ ಎಲ್ಲರಿಗೂ ಇದ್ದದ್ದೇ. ಚರ್ಮ ನಾಜೂಕಾಗಿರುವುದರಿಂದ ಈ ಅವಧಿಯಲ್ಲಿ ಮತ್ತು ನಿಲ್ಲಿಸಿದ ಆರು ತಿಂಗಳು ವ್ಯಾಕ್ಸಿಂಗ್ ಬೇಡ, ಚರ್ಮವೇ ಕಿತ್ತು ಬರಬಹುದು. ರಕ್ತದಾನವನ್ನೂ ನಿಲ್ಲಿಸಿದ ಒಂದು ತಿಂಗಳವರೆಗೆ ಮಾಡಬಾರದು, ಆ ರಕ್ತ ಗರ್ಭಿಣಿಯೊಬ್ಬಳಿಗೆ ಹೋಗಬಹುದು ನೋಡಿ. ಮನಸ್ಸು ಕುಗ್ಗಿಸುತ್ತದೆಯೇ ಎಂಬ ಭಯವೂ ಇದೆ. ದೊಡ್ಡ ಅಧ್ಯಯನಗಳಲ್ಲಿ ಅಂಥ ಅಪಾಯ ಹೆಚ್ಚಿದ್ದು ಕಂಡುಬಂದಿಲ್ಲ, ಆದರೂ ಮನಸ್ಸು ಸರಿಯಿಲ್ಲ ಅನ್ನಿಸಿದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು.

ಹಾಗಂತ ಹೆದರಿ ದೂರವಿಡಬೇಕಾದ ಔಷಧಿಯಲ್ಲ ಇದು. ಸಂಸಾರದ ಯೋಜನೆ ಸ್ಪಷ್ಟವಿದ್ದು, ಮುಖದಲ್ಲಿ ಗುಳಿ ಬೀಳುತ್ತಿದ್ದರೆ, ಚಿಕಿತ್ಸೆ ಮಾಡದೇ ಬಿಡುವುದೂ ಒಂದು ನಷ್ಟವೇ. ಬಿದ್ದ ಗುಳಿ ತುಂಬುವುದು ಮೊಡವೆ ವಾಸಿ ಮಾಡುವುದಕ್ಕಿಂತ ಕಷ್ಟ.

ಆ ನಾಲ್ಕು ದಿನದ ಟ್ಯೂಬ್

ಈಗ ನನ್ನ ಕಥೆ. ಪರಿಚಯದವರೊಬ್ಬರು ಕೊಟ್ಟ ಟ್ಯೂಬ್ ಹಚ್ಚಿದೆ. ಅವರು ಹೇಳಿದಂತೆಯೇ ನಾಲ್ಕು ದಿನಕ್ಕೆ ಊತ ಇಳಿಯಿತು, ಬಣ್ಣವೂ ತಿಳಿಯಾಯಿತು. ಎಲ್ಲರೂ 'ಏನು ಹಚ್ತೀಯಾ?' ಅಂತ ಕೇಳುವವರೇ! ಖುಷಿಯಿಂದ ಇನ್ನೆರಡು ಟ್ಯೂಬ್ ತರಿಸಿದೆ. ಮೂರನೇ ತಿಂಗಳಿಗೆ ಒಲೆ ಮುಂದೆ ನಿಂತರೆ ಮುಖ ಉರಿಯತೊಡಗಿತು. ಕೆನ್ನೆಯ ಮೇಲೆ ಕೆಂಪು ನರಗಳು ಎಳೆ ಎಳೆಯಾಗಿ ಕಂಡವು, ರೋಮ ಬೆಳೆಯಿತು. ಹಚ್ಚುವುದು ನಿಲ್ಲಿಸಿದೆ, ಮೊಡವೆ ಮೊದಲಿಗಿಂತ ಎರಡು ಪಟ್ಟು ಎದ್ದಿತು. ಚರ್ಮ ವೈದ್ಯರು ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ, 'ಇದರಲ್ಲಿ ಸ್ಟೀರಾಯ್ಡ್ ಇದೆಯಮ್ಮ' ಅಂದರು. ಮುಖ ಸುಧಾರಿಸಲು ಎಂಟು ತಿಂಗಳು ಬೇಕಾಯಿತು.

ಇದು ನನ್ನೊಬ್ಬಳ ಕಥೆಯಲ್ಲ. ದೇಶದ 12 ಚರ್ಮ ಚಿಕಿತ್ಸಾ ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖದ ತೊಂದರೆಯಿಂದ ಬಂದಿದ್ದ 2,926 ಜನರ ಪೈಕಿ 433 ಮಂದಿ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರು. ಅವರಲ್ಲಿ ಸುಮಾರು ಕಾಲು ಭಾಗದವರು ಹಚ್ಚಿದ್ದು ಮೊಡವೆಗೆ! 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ನಿಯಮ ತಂದಿತು. ಆದರೂ ಕೈಯಿಂದ ಕೈಗೆ ಟ್ಯೂಬ್ ದಾಟುವುದನ್ನು ಯಾವ ನಿಯಮ ತಡೆದೀತು? ಓದಿ ನೋಡುವ ಕೆಲಸ ನಮ್ಮದೇ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್, ಫ್ಲುಸಿನೊಲೋನ್ ಇವುಗಳಲ್ಲಿ ಯಾವ ಹೆಸರು ಕಂಡರೂ ಅದು ಮೊಡವೆಗೆ ಹಚ್ಚುವುದಲ್ಲ. ಈಗಾಗಲೇ ಹಚ್ಚುತ್ತಿದ್ದರೆ ಹಗುರವಾಗಿ ತೆಗೆದುಕೊಳ್ಳಬೇಡಿ, ಟ್ಯೂಬ್ ಸಮೇತ ವೈದ್ಯರ ಬಳಿ ಹೋಗಿ. ಬಿಟ್ಟ ಮೇಲೆ ಮುಖ ಕೆರಳುವುದನ್ನು ಸಂಭಾಳಿಸಲು ಅವರ ನೆರವು ಬೇಕಾಗುತ್ತದೆ.

ಗರ್ಭಿಣಿ, ಬಾಣಂತಿಯರಿಗೆ ಏನೂ ಇಲ್ಲವೇ?

ಇದೆ. ಅಜೆಲಾಯಿಕ್ ಆಸಿಡ್ ಮುಲಾಮು ಗರ್ಭಿಣಿಯರಿಗೂ ಸುರಕ್ಷಿತ ಎನ್ನಲಾಗುತ್ತದೆ, ಮೊಡವೆಯ ಜೊತೆ ಕಪ್ಪು ಕಲೆಗೂ ಒಳ್ಳೆಯದು. ಮಗು ಬೇಕೆಂದು ಯೋಚಿಸುತ್ತಿರುವವರು ಮೊದಲ ಭೇಟಿಯಲ್ಲೇ ವೈದ್ಯರಿಗೆ ಅದನ್ನು ಹೇಳಿಬಿಡಿ. ಸಂಕೋಚ ಬೇಡ. ಆ ಒಂದು ಮಾತಿನಿಂದ ಚೀಟಿಯೇ ಬದಲಾಗುತ್ತದೆ.

ಇವು ನೆನಪಿರಲಿ

* ಯಾವ ಔಷಧಿಗೂ ಕನಿಷ್ಠ ಮೂರು ತಿಂಗಳು ಕಾಲ ಕೊಡಿ. ಪ್ರತಿ ತಿಂಗಳೂ ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ, ಬದಲಾವಣೆ ಗೊತ್ತಾಗುತ್ತದೆ.

* ಮುಖಕ್ಕೆ ನಿಂಬೆರಸ, ಅಡುಗೆ ಸೋಡ, ಟೂತ್‌ಪೇಸ್ಟ್ ಬೇಡವೇ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ.

* ಚಿವುಟಬೇಡಿ. ನಮ್ಮ ಕಂದು ಬಣ್ಣದ ಚರ್ಮದಲ್ಲಿ ಕಲೆ ಬೇಗ ಕೂರುತ್ತದೆ. ಇದೇ ಕಾರಣಕ್ಕೆ ಪೀಲಿಂಗ್, ಲೇಸರ್‌ಗಳನ್ನು ಪಾರ್ಲರಿನಲ್ಲಲ್ಲ, ಚರ್ಮ ವೈದ್ಯರ ಬಳಿಯೇ ಮಾಡಿಸಿಕೊಳ್ಳಿ.

* ಹಗಲು ಜಿಡ್ಡಿಲ್ಲದ ಸನ್‌ಸ್ಕ್ರೀನ್ ಹಚ್ಚಿ. ತಲೆಗೆ ಹಾಕಿದ ಕೊಬ್ಬರಿ ಎಣ್ಣೆ ಹಣೆಗೆ ಇಳಿಯದಂತೆ ನೋಡಿಕೊಳ್ಳಿ.

* ಸಿಹಿ, ಮೈದಾ ಕಡಿಮೆ ಮಾಡಿದರೆ ಕೆಲವರಿಗೆ ಅನುಕೂಲವಾಗುತ್ತದೆ. ಆದರೆ ಪಥ್ಯ ಒಂದರಿಂದಲೇ ಮೊಡವೆ ಹೋಗುತ್ತದೆ ಎಂದು ನಂಬಿ ಚಿಕಿತ್ಸೆ ಮುಂದೂಡಬೇಡಿ.

* ವೈದ್ಯರನ್ನು ಈ ಮೂರು ಪ್ರಶ್ನೆ ಕೇಳಿ: ಇದನ್ನು ಎಷ್ಟು ದಿನ ಬಳಸಬೇಕು? ಯಾವ ತೊಂದರೆ ಕಂಡರೆ ನಿಲ್ಲಿಸಬೇಕು? ಗರ್ಭ ನಿಂತರೆ ಏನು?

ಮುಂದಿನ ಮದುವೆ ಮನೆಯಲ್ಲೂ ದೊಡ್ಡಮ್ಮ ಸಿಕ್ಕೇ ಸಿಗುತ್ತಾರೆ. ಮಜ್ಜಿಗೆ ಕೊಟ್ಟರೆ ಕುಡಿಯಿರಿ, ಒಳ್ಳೆಯದೇ. ಟ್ಯೂಬ್ ಕೊಟ್ಟರೆ ಮಾತ್ರ ಮೊದಲು ತಿರುಗಿಸಿ, ಹಿಂದೆ ಬರೆದಿರುವುದನ್ನು ಓದಿ. ಆಮೇಲೆ ನಕ್ಕು ವಾಪಸ್ ಕೊಟ್ಟುಬಿಡಿ.