ಬಸುರಿಯರ ರಕ್ತದಲ್ಲಿ ನಾಡಿನ ಲೆಕ್ಕ

ನವಲಗುಂದದಲ್ಲಿರಲಿ, ರಾಜ್ಯದ ಇನ್ನಾವುದೇ ತಾಲೂಕಿನಲ್ಲಿರಲಿ, ಬಸುರಿ ಹೆಂಗಸು ಸರ್ಕಾರಿ ಆಸ್ಪತ್ರೆಗೆ ಮೊದಲ ಸಲ ತಪಾಸಣೆಗೆ ಬಂದಾಗ ರಕ್ತ ತೆಗೆಯುವುದು ರೂಢಿ. ಆಕೆಯ ಆರೋಗ್ಯಕ್ಕೆಂದು ತೆಗೆದ ಆ ರಕ್ತವೇ ದೇಶದ ಏಡ್ಸ್ ಲೆಕ್ಕಕ್ಕೂ ಆಧಾರವಾದದ್ದು ಹೆಚ್ಚಿನವರಿಗೆ ತಿಳಿಯದ ಸಂಗತಿ.

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಅದು ಎಷ್ಟು ಜನರಿಗೆ ತಗುಲಿದೆ ಎಂದು ತಿಳಿಯಲು ಮನೆ ಮನೆಗೆ ಹೋಗಿ ರಕ್ತ ಕೇಳುವುದು ಸುಲಭದ ಮಾತಲ್ಲ. ಗರ್ಭಿಣಿಯರಾದರೋ ತಾವಾಗಿಯೇ ಆಸ್ಪತ್ರೆಗೆ ಬರುತ್ತಾರೆ; ಎಲ್ಲ ಜಾತಿ, ಕಸುಬಿನ ಸಾಮಾನ್ಯ ಕುಟುಂಬಗಳಿಗೆ ಸೇರಿದವರು. ಹೀಗಾಗಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು 1998ರಲ್ಲಿ ಆರಂಭಿಸಿದ ಸಮೀಕ್ಷೆಯಲ್ಲಿ ಅವರನ್ನೇ ಸಮಾಜದ ಅಳತೆಗೋಲಾಗಿ ಇಟ್ಟುಕೊಂಡಿತು. ಆಯ್ದ ಆಸ್ಪತ್ರೆಗಳಲ್ಲಿ ಸುಮಾರು ಮೂರು ತಿಂಗಳ ಅವಧಿಯಲ್ಲಿ ಸಾಲಾಗಿ ಬಂದ 400 ಗರ್ಭಿಣಿಯರ ರಕ್ತದ ಪರೀಕ್ಷೆ ನಡೆಯುತ್ತಿತ್ತು.

ಸಿಫಿಲಿಸ್ ಪರೀಕ್ಷೆಗೆ ತೆಗೆದ ರಕ್ತದಲ್ಲಿ ಉಳಿದ ಭಾಗದಿಂದ ಹೆಸರು, ಗುರುತು ತೆಗೆದುಹಾಕಿ ಎಚ್‌ಐವಿ ಪರೀಕ್ಷೆಗೆ ಕಳುಹಿಸಲಾಗುತ್ತಿತ್ತು. ಇದರಿಂದ ಯಾರ ಗುಟ್ಟೂ ಬಯಲಾಗುತ್ತಿರಲಿಲ್ಲ. ಆದರೆ ಸೋಂಕಿದ್ದ ಹೆಂಗಸಿಗೂ ಈ ಲೆಕ್ಕದಿಂದ ತನ್ನ ಸ್ಥಿತಿ ತಿಳಿಯುತ್ತಿರಲಿಲ್ಲ.

ಗರ್ಭಿಣಿಯರಲ್ಲಿ ಸೋಂಕು ಶೇ 1ನ್ನು ಮೀರಿದ್ದರಿಂದ ಕರ್ನಾಟಕ ಹೆಚ್ಚು ಸೋಂಕಿನ ಆರು ರಾಜ್ಯಗಳ ಪಟ್ಟಿ ಸೇರಿತು. ಇಳಿಮುಖದ ಸುಳಿವು ಕೊಟ್ಟದ್ದೂ ಇದೇ ಲೆಕ್ಕ. ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ 15ರಿಂದ 24ರ ವಯಸ್ಸಿನ ಗರ್ಭಿಣಿಯರಲ್ಲಿ 2000ದಲ್ಲಿ ಶೇ 1.7ರಷ್ಟಿದ್ದ ಸೋಂಕು 2004ರ ಹೊತ್ತಿಗೆ ಶೇ 1.1ಕ್ಕೆ ಇಳಿದಿತ್ತು.

ಆಸ್ಪತ್ರೆಯ ಲೆಕ್ಕವೇ ಪೂರ್ಣ ಸತ್ಯವಲ್ಲ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಗಳಿಗೇ ಹೋಗಿ ರಕ್ತ ಸಂಗ್ರಹಿಸಿದಾಗ ಕರ್ನಾಟಕದ ವಯಸ್ಕರಲ್ಲಿ ಸೋಂಕು ಶೇ 0.69 ಎಂದು ಕಂಡುಬಂತು. 50 ಲಕ್ಷಕ್ಕೂ ಹೆಚ್ಚು ಸೋಂಕಿತರಿದ್ದಾರೆಂಬ ದೇಶದ ಅಂದಾಜನ್ನು 2007ರಲ್ಲಿ ಸುಮಾರು 25 ಲಕ್ಷಕ್ಕೆ ಇಳಿಸಲಾಯಿತು.

ಈ ನಡುವೆ, 2002ರಿಂದ, ತಾಯಿಯಿಂದ ಮಗುವಿಗೆ ಸೋಂಕು ಹರಡದಂತೆ ತಡೆಯುವ ಕಾರ್ಯಕ್ರಮ ಆರಂಭವಾಗಿತ್ತು. ಇಲ್ಲಿ ಆಪ್ತ ಸಮಾಲೋಚನೆ ನಡೆಸಿ, ಒಪ್ಪಿಗೆ ಪಡೆದು, ಫಲಿತಾಂಶವನ್ನು ಆಕೆಗೇ ತಿಳಿಸಲಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ನೂರರಲ್ಲಿ 15ರಿಂದ 45 ಶಿಶುಗಳಿಗೆ ಸೋಂಕು ತಗುಲಬಹುದು. ಸಕಾಲದಲ್ಲಿ ಔಷಧ ಸಿಕ್ಕರೆ ಇದು ಐದಕ್ಕಿಂತ ಕೆಳಗಿಳಿಯುತ್ತದೆ. 2014ರಿಂದ ಸೋಂಕಿತ ಗರ್ಭಿಣಿಗೆ ಜೀವನಪರ್ಯಂತ ಔಷಧ ಕೊಡುವ ಕ್ರಮ ಜಾರಿಗೆ ಬಂದಿದೆ. ಸಿಫಿಲಿಸ್ ಇದ್ದರೆ ಪೆನಿಸಿಲಿನ್ ಚುಚ್ಚುಮದ್ದು ತಾಯಿ, ಮಗು ಇಬ್ಬರನ್ನೂ ಕಾಪಾಡುತ್ತದೆ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಈ ಭಾಗದಲ್ಲಿ ಗಟ್ಟಿಯಾಗಿದೆ. ಗಂಡನ ಊರಿನಲ್ಲಿ ಪರೀಕ್ಷೆಯಾದವಳು ಹೆರುವುದು ಮತ್ತೊಂದು ತಾಲೂಕಿನಲ್ಲಿ. ಔಷಧ ಆಕೆಯ ಹಿಂದೆಯೇ ಹೋಗಬೇಕು. ಸುದ್ದಿ ಮಾತ್ರ ಊರೊಳಗೆ ಹರಡಬಾರದು. ಗುಟ್ಟು ಕಾಯುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಕಡ್ಡಾಯಗೊಳಿಸಿದೆ. ಆ ಭರವಸೆಯಿದ್ದರಷ್ಟೇ ಹೆಂಗಸರು ಅಂಜದೆ ಪರೀಕ್ಷೆಗೆ ಮುಂದೆ ಬರುತ್ತಾರೆ.